ಸಹಾಯ ಬೇಕು: ಡ್ರೋನ್ ಬ್ಯಾಟರಿ ವೈರಿಗೆ ಬೆಸುಗೆ ಹಿಡಿಯುತ್ತಿಲ್ಲ

ಅಣ್ಣ-ಅಕ್ಕಂದಿರಿಗೆಲ್ಲ ನಮಸ್ಕಾರ. ಬೆಳಗಾವಿಯ ಟಿಳಕವಾಡಿಯಲ್ಲಿದ್ದೇನೆ. ಮೊದಲ ಸಲ ಮನೆಯಲ್ಲೇ 5 ಇಂಚಿನ ರೇಸಿಂಗ್ ಡ್ರೋನ್ ಜೋಡಿಸುತ್ತಿದ್ದೇನೆ. ಮೋಟರ್ ವೈರುಗಳು ಚೆನ್ನಾಗಿ ಕೂತಿವೆ. ಮೋಟರ್ ಉಲ್ಟಾ ತಿರುಗಿದರೆ ಮೂರರಲ್ಲಿ ಎರಡು ವೈರ್ ಅದಲುಬದಲು ಮಾಡಿದರೆ ಆಯ್ತು, ಅಲ್ವಾ?

ತೊಂದರೆ ಇರುವುದು ಇಎಸ್‌ಸಿಯ (ಮೋಟರ್ ವೇಗ ನಿಯಂತ್ರಿಸುವ ಬೋರ್ಡ್) ಮೈನಸ್ ಪ್ಯಾಡಿನಲ್ಲಿ, ಅಂದರೆ ವೈರ್ ಬೆಸೆಯುವ ತಾಮ್ರದ ಜಾಗದಲ್ಲಿ. ಬ್ಯಾಟರಿ ಚುಚ್ಚುವ ಎಕ್ಸ್‌ಟಿ60 ಕನೆಕ್ಟರಿನ 12 ಗೇಜ್ ದಪ್ಪ ವೈರ್ ಅಲ್ಲಿ ಹಿಡಿಯುತ್ತಲೇ ಇಲ್ಲ. ಪ್ಲಸ್ ಕಡೆ ಬೆಸುಗೆಯ ಸೀಸ ಹೊಳೆಯುತ್ತಾ ಹರಡಿದೆ. ಮೈನಸ್ ಕಡೆ ಮಂಕಾಗಿ, ಉಂಡೆ ಕಟ್ಟಿ ನಿಂತಿದೆ. ಬೋರ್ಡಿನೊಳಗಿನ ಅಗಲವಾದ ತಾಮ್ರದ ಪದರ ಮೈನಸ್‌ಗೆ ಸೇರಿರುವುದರಿಂದ ಶಾಖವನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ನನ್ನ ಹತ್ತಿರ ಇರುವುದು 25 ವ್ಯಾಟಿನ, ಚೂಪು ತುದಿಯ ಬೆಸುಗೆ ಐರನ್. ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಪ್ಯಾಡೇ ಕಿತ್ತು ಬರಬಹುದು. ಹಾಗೇ ಬಿಟ್ಟರೆ ಹಾರುವಾಗ ವೈರ್ ಕಳಚಿ ಡ್ರೋನ್ ಯಾರ ಮೇಲಾದರೂ ಬಿದ್ದೀತು, ನನಗೆ ಅದೇ ಭಯ.

ಊರಲ್ಲಿ ಯಾರ ಬಳಿಯಾದರೂ 60 ವ್ಯಾಟಿಗಿಂತ ಮೇಲಿನ, ಚಪ್ಪಟೆ ತುದಿಯ ಐರನ್ ಇದೆಯಾ? 63/37 ಸೀಸ (63 ಪಾಲು ತವರ, 37 ಪಾಲು ಸೀಸ), ಬೆಸುಗೆ ಚೆನ್ನಾಗಿ ಹರಡಲು ಹಚ್ಚುವ ಫ್ಲಕ್ಸ್ ನಾನೇ ತರುತ್ತೇನೆ. ವೋಲ್ಟೇಜ್ ಏರಿಳಿತ ತಗ್ಗಿಸುವ 35 ವೋಲ್ಟಿನ ಕೆಪಾಸಿಟರನ್ನೂ ಅಲ್ಲೇ ಕೂರಿಸಬೇಕು. ಮಲ್ಟಿಮೀಟರ್ ಇದೆ, ಶಾರ್ಟ್ ಇದೆಯಾ ಅಂತ ನೋಡಿಕೊಳ್ಳುತ್ತೇನೆ. ಮೊದಲ ಸಲ ಬ್ಯಾಟರಿ ಚುಚ್ಚುವಾಗ ಸ್ಮೋಕ್ ಸ್ಟಾಪರ್ (ಶಾರ್ಟ್ ಇದ್ದರೆ ಕರೆಂಟ್ ತಡೆದು ಬೋರ್ಡ್ ಸುಡದಂತೆ ಕಾಯುವ ಸಾಧನ) ಸಿಕ್ಕರೆ ಇನ್ನೂ ಒಳ್ಳೆಯದು. ಭಾನುವಾರ ಎಲ್ಲಿಗೆ ಕರೆದರೂ ಬರುತ್ತೇನೆ.