‘ಮೂರನೇ ಹಂತ’ ಅಲ್ಲದಿದ್ದರೆ ಮತ್ತೇನು? ಥೈರಾಯ್ಡ್ ಸ್ಕ್ಯಾನಿಂಗ್ ವರದಿಯ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ಶಿರಸಿಯ ನಮ್ಮ ಮನೆಯಲ್ಲಿ ಒಂದು ಪದ ಇಡೀ ರಾತ್ರಿ ಯಾರಿಗೂ ಕಣ್ಣು ಮುಚ್ಚಗೊಡಲಿಲ್ಲ. ದೊಡ್ಡಮ್ಮನ ಕುತ್ತಿಗೆಯಲ್ಲಿ ಏನೋ ಕೈಗೆ ಸಿಕ್ಕಂತಾಗಿ ಅಲ್ಟ್ರಾಸೌಂಡ್ ಮಾಡಿಸಿದ್ದೆವು. ವರದಿ ಕೈಗಿತ್ತವರು ‘ಟಿಆರ್ 3’ ಎಂದಿದ್ದ ಕಡೆ ಬೆರಳಿಟ್ಟು, ‘ಥೈರಾಯ್ಡ್ ಗಡ್ಡೆ, ಮೂರನೇ ಹಂತ’ ಎಂದರು. ದೊಡ್ಡಪ್ಪ ಅಲ್ಲೇ ಬೆಂಚಿನ ಮೇಲೆ ಕುಸಿದು ಕುಳಿತರು. ನಾವು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಯಲ್ಲಾಪುರದ ನೆಂಟರಿಗೂ ಮುಟ್ಟಿತ್ತು. ಮರುದಿನ ವೈದ್ಯರು ವರದಿಯನ್ನು ಓದಿ, ‘1.8 ಸೆಂಟಿಮೀಟರ್ ಅಷ್ಟೇ. ಸೂಜಿ ಪರೀಕ್ಷೆಯೂ ಈಗ ಬೇಡ, ಒಂದು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ’ ಎಂದ ಮೇಲೆಯೇ ಮನೆಯಲ್ಲಿ ಒಲೆ ಹೊತ್ತಿದ್ದು.

ವರದಿಯಲ್ಲಿ ತಪ್ಪಿರಲಿಲ್ಲ, ತಪ್ಪಿದ್ದು ಪದದಲ್ಲಿ. ಕ್ಯಾನ್ಸರಿನ ಮಾತಿನಲ್ಲಿ ‘ಹಂತ’ ಎಂದರೆ ರೋಗ ಎಷ್ಟು ಹಬ್ಬಿದೆ ಎಂಬುದರ ಲೆಕ್ಕ. ಕನ್ನಡಿಗರ ಕಿವಿಗೆ ಅದಕ್ಕೆ ಬೇರೆ ಅರ್ಥವಿಲ್ಲ. ಟಿಆರ್ 3ರಲ್ಲಿ ಎಣಿಸುವುದು ರೋಗವನ್ನಲ್ಲ, ಅನುಮಾನವನ್ನು. ಅಮೆರಿಕದ ರೇಡಿಯಾಲಜಿ ಕಾಲೇಜು 2017ರಲ್ಲಿ ಪ್ರಕಟಿಸಿದ ಟೈರಾಡ್ಸ್ ಪದ್ಧತಿ ಇದು. ಗಂಟು ಗಟ್ಟಿಯೋ ನೀರು ತುಂಬಿದ್ದೋ, ಸುತ್ತಲಿನ ಗ್ರಂಥಿಗಿಂತ ಕಪ್ಪಾಗಿ ಕಾಣುತ್ತದೆಯೋ, ಆಕಾರ ಹೇಗೆ, ಅಂಚು ನಯವೋ ಒರಟೋ, ಒಳಗೆ ಬಿಳಿ ಚುಕ್ಕೆಗಳಿವೆಯೋ ಎಂದು ಐದು ಸಂಗತಿಗಳನ್ನು ನೋಡಿ ಒಂದೊಂದಕ್ಕೂ ಅಂಕ ಕೊಟ್ಟು ಕೂಡುತ್ತಾರೆ. ದೊಡ್ಡಮ್ಮನದು ಗಟ್ಟಿ ಗಂಟು, ಅದಕ್ಕೆ 2; ಬಣ್ಣ ಸುತ್ತಲಿನ ಗ್ರಂಥಿಯಂತೆಯೇ, ಅದಕ್ಕೆ 1. ಒಟ್ಟು 3, ಅಂದರೆ ಐದು ವರ್ಗಗಳಲ್ಲಿ ಮೂರನೆಯದಾದ ಟಿಆರ್ 3, ‘ಅಲ್ಪ ಅನುಮಾನ’. ಇಂಥ ಗಂಟು ಕ್ಯಾನ್ಸರ್ ಆಗಿರುವ ಸಂಭವ ನೂರಕ್ಕೆ ಸುಮಾರು ಐದು. ಈ ವರ್ಗದಲ್ಲಿ 2.5 ಸೆಂಟಿಮೀಟರ್ ಆದರೆ ಮಾತ್ರ ಸೂಜಿ ಹಾಕಿ ಮಾದರಿ ತೆಗೆಯುತ್ತಾರೆ. ಏಳು ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದ ಟಿಆರ್ 5ಕ್ಕಾದರೆ ಒಂದೇ ಸೆಂಟಿಮೀಟರ್ ಸಾಕು.

ತೊಡಕು ಇಲ್ಲಿಗೇ ಮುಗಿಯುವುದಿಲ್ಲ. ಸೂಜಿ ಪರೀಕ್ಷೆಯ ಫಲಿತಾಂಶಕ್ಕೆ ಬೆಥೆಸ್ಡಾ ಎಂಬ ಇನ್ನೊಂದು ಎಣಿಕೆಯಿದೆ, ಒಂದರಿಂದ ಆರು. ಅಲ್ಲಿ 2 ಎಂದರೆ ನಿರಪಾಯ, 1 ಎಂದರೆ ತೆಗೆದ ಮಾದರಿ ಸಾಲದು ಎಂದು. ರೋಗ ಖಚಿತವಾದ ಮೇಲೆ ನಿಜವಾದ ಹಂತಗಳು, ಒಂದರಿಂದ ನಾಲ್ಕು. ಹೀಗೆ ಒಬ್ಬ ರೋಗಿಯ ಕಡತದಲ್ಲೇ ಮೂರು ಬಗೆಯ ‘ಮೂರು’ ಇರಬಹುದು. ಮೂರನ್ನೂ ‘ಹಂತ’ ಎಂದು ಕರೆದರೆ ಕೇಳುವವರ ಗತಿಯೇನು?

ಊರಿನ ಮಹಿಳಾ ಸಂಘಕ್ಕಾಗಿ ಎರಡು ಪುಟಗಳ ತಿಳಿವಳಿಕೆ ಪತ್ರ ಬರೆಯುತ್ತಿದ್ದೇನೆ, ಅದಕ್ಕೇ ಈ ಪ್ರಶ್ನೆ. ‘ದರ್ಜೆ’ ಬೇಡ ಎನಿಸಿತು. ಮೂರನೇ ದರ್ಜೆ ಎಂದರೆ ಕಳಪೆ ಎಂದೇ ಅರ್ಥ. ‘ಅಂಕ’ವೂ ದಾರಿ ತಪ್ಪಿಸುತ್ತದೆ, ದೊಡ್ಡಪ್ಪ ‘ಐದಕ್ಕೆ ಮೂರು ಬಂತೇ, ಇನ್ನೆರಡು ಏಕೆ ಹೋಯಿತು?’ ಎಂದು ಕೇಳಿಯೇಬಿಟ್ಟರು. ‘ವರ್ಗ’ ಶುದ್ಧ, ಆದರೆ ಏನನ್ನೂ ತಿಳಿಸುವುದಿಲ್ಲ. ಅಡಿಕೆ ಆರಿಸುವವರು ಕಣ್ಣಳತೆಯಲ್ಲೇ ರಾಶಿ, ಬೆಟ್ಟೆ, ಗೋಟು ಎಂದು ಬೇರೆ ಮಾಡುತ್ತಾರಲ್ಲ, ಸ್ಕ್ಯಾನ್ ಮಾಡುವುದೂ ಅಂಥದೇ ವಿಂಗಡಣೆ. ಒಡೆದು ನೋಡುವ ಕೆಲಸ ಸೂಜಿಯದು. ಹಾಗಾಗಿ ಸದ್ಯಕ್ಕೆ ‘ಅನುಮಾನದ ಮಟ್ಟ: ಐದರಲ್ಲಿ ಮೂರು’ ಎಂದು ಬರೆದಿದ್ದೇನೆ. ಏನನ್ನು ಅಳೆದದ್ದು ಎಂಬುದು ಪದದೊಳಗೇ ಇರಬೇಕು ಎಂಬುದು ನನ್ನ ಹಟ. ‘ಶಂಕೆ’ ಚಿಕ್ಕ ಪದ, ಆದರೆ ಅಡುಗೆಮನೆಯಲ್ಲಿ ಯಾರೂ ಆಡುವುದಿಲ್ಲ.

‘ಗಡ್ಡೆ’ಯನ್ನೂ ಬಿಡಬೇಕು ಎನ್ನುತ್ತೇನೆ. ಸುವರ್ಣಗಡ್ಡೆ, ಕೆಸುವಿನ ಗಡ್ಡೆ ಎಲ್ಲವೂ ಮಣ್ಣಿನೊಳಗೆ ಊದುತ್ತಲೇ ಹೋಗುವಂಥವು. ಹೊಟ್ಟೆಯಿಂದ ಇಷ್ಟು ಕಿಲೋ ಗಡ್ಡೆ ಹೊರತೆಗೆದರು ಎಂದು ಪತ್ರಿಕೆಯಲ್ಲಿ ಓದಿ ಓದಿ ಅದಕ್ಕೆ ಭಯವೂ ಅಂಟಿಕೊಂಡಿದೆ. ಇಂಗ್ಲಿಷಿನ ‘ನಾಡ್ಯೂಲ್’ ಪದದ ಲ್ಯಾಟಿನ್ ಮೂಲಕ್ಕೆ ‘ಸಣ್ಣ ಗಂಟು’ ಎಂದಷ್ಟೇ ಅರ್ಥ. ಮರಾಠಿಯಲ್ಲೂ ಹಗ್ಗದ ಗಂಟಿಗೆ, ಮೈಯ ಗಂಟಿಗೆ ‘ಗಾಠ್’ ಒಂದೇ. ‘ಕಿರುಗಂಟು’ ಎಂದರೆ ಸಾಲದೇ? ‘ಗಳಗಂಡ’ ಇಲ್ಲಿ ಹೊಂದುವುದಿಲ್ಲ, ಅದು ಗ್ರಂಥಿಯೇ ಊದಿಕೊಳ್ಳುವುದು.

ಇನ್ನೆರಡು ಕಡೆ ನಾನು ಸಿಕ್ಕಿಬಿದ್ದಿದ್ದೇನೆ. ಆಕಾರ ‘ಅಗಲಕ್ಕಿಂತ ಎತ್ತರ’ ಇದ್ದರೆ ಒಮ್ಮೆಗೇ 3 ಅಂಕ. ಇಲ್ಲಿ ಎತ್ತರವೆಂದರೆ ಗದ್ದದಿಂದ ಎದೆಯ ಕಡೆಗಲ್ಲ, ಚರ್ಮದಿಂದ ಒಳಕ್ಕೆ, ಬೆನ್ನಿನ ಕಡೆಗೆ. ಪರದೆಯಲ್ಲಿ ಚರ್ಮ ಮೇಲ್ಗಡೆ ಬರುವುದರಿಂದ ಗಂಟು ನಿಂತಂತೆ ಕಾಣುತ್ತದೆ, ಅಷ್ಟೇ. ‘ಆಳ’ ಎಂದರೆ ಗಂಟೇ ಆಳದಲ್ಲಿ ಕುಳಿತಿದೆ ಎಂದುಕೊಳ್ಳುತ್ತಾರೆ. ‘ಒಳಮುಖದ ಉದ್ದ’ ಎಂದು ಬರೆದು ಅಳಿಸಿದ್ದೇನೆ.

ಇನ್ನೊಂದು ಕ್ಯಾಲ್ಸಿಫಿಕೇಶನ್, ಅಂದರೆ ಗಂಟಿನೊಳಗೆ ಕ್ಯಾಲ್ಸಿಯಂ ಕೂಡಿಕೊಳ್ಳುವುದು. ‘ಸುಣ್ಣಗಟ್ಟಿಲ್ಲವಂತೆ ದೊಡ್ಡಮ್ಮ’ ಎಂದು ನಾನು ಸಮಾಧಾನ ಹೇಳಿದರೆ, ಅವರು ಬೆರಳ ತುದಿಯ ಸುಣ್ಣವನ್ನು ಎಲೆಗೆ ಹಚ್ಚುತ್ತಿದ್ದವರು ಹಾಗೆಯೇ ನಿಲ್ಲಿಸಿ, ‘ತಮ್ಮಾ, ಇದು ಗಂಟಲಲ್ಲಿ ಹೋಗಿ ಕೂರುತ್ತದೆಯೇ?’ ಎಂದು ಕೇಳಿದರು. ಕವಳ, ಅಂದರೆ ಎಲೆಯಡಿಕೆ, ಬಾಯಿಗೆ ಮಾಡುವ ಕೇಡು ಬೇರೆಯ ಕಥೆ, ಅದನ್ನೂ ಹೇಳಿದೆ. ಆದರೆ ಗಂಟಿನೊಳಗಿನ ಕ್ಯಾಲ್ಸಿಯಂ ಚುಕ್ಕೆಗಳು ಆ ಅಂಗಾಂಶದಲ್ಲೇ ಹುಟ್ಟುವಂಥವು. ಡಬ್ಬಿಯ ಸುಣ್ಣಕ್ಕೂ ಅವಕ್ಕೂ ಸಂಬಂಧವಿಲ್ಲ. ಅಡಿಕೆ ಸೀಮೆಯಲ್ಲಿ ‘ಸುಣ್ಣ’ ಬಳಸದೆ ಇದನ್ನು ಹೇಗೆ ಹೇಳುವುದು? ‘ಬಿಳಿ ಕಣ’ ಎಂದರೆ ನಡೆದೀತೇ?

ಕಾರವಾರ, ಅಂಕೋಲಾ, ಕುಮಟಾ ಕಡೆ ಆಸ್ಪತ್ರೆಗಳಲ್ಲಿ ದುಡಿಯುವವರು ಈ ಬಳಗದಲ್ಲಿ ಇದ್ದೀರಿ. ವರದಿ ಕೊಡುವಾಗ ನಿಮ್ಮ ಬಾಯಲ್ಲಿ ನಿಜವಾಗಿ ಬರುವ ಪದ ಯಾವುದೋ ಅದನ್ನೇ ಬರೆಯಿರಿ, ಕೋಶದ ಪದ ಬೇಡ. ‘ಹಂತ’ ಎಂದೇ ಹೇಳುವ ರೂಢಿಯಿದ್ದರೆ ಅದನ್ನೂ ತಿಳಿಸಿ. ಪತ್ರ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.