ಟೇಕಾಫ್ ಆದ ಕೂಡಲೇ ಎಂಜಿನ್ ನಿಂತರೆ ವಾಪಸ್ ತಿರುಗಬಹುದಾ?

ಪ್ರಶ್ನೆ (ಉದ್ಯಮಬಾಗ, ಬೆಳಗಾವಿ):
ಇಬ್ಬರು ಕೂರುವ ಕಿಟ್ ವಿಮಾನ ಕಟ್ಟುತ್ತಿದ್ದೇನೆ. ಎಂಜಿನ್ ರೋಟ್ಯಾಕ್ಸ್ 912 ಯುಎಲ್ಎಸ್, 100 ಎಚ್‌ಪಿ. ಇನ್ನೂ ಹಾರಿಲ್ಲ, ಪರವಾನಗಿ ಕೆಲಸ ನಡೆದಿದೆ. 300 ಅಡಿ ಏರಿದಾಗ ಎಂಜಿನ್ ನಿಂತರೆ? ರನ್‌ವೇ ಹಿಂದೆಯೇ ಇರುತ್ತದಲ್ವಾ, ತಿರುಗಿಸಿ ಇಳಿಸಬಹುದಾ?

ಉತ್ತರ (ವಿಜಯಪುರ):
ತಮ್ಮಾ, ಅಷ್ಟು ಎತ್ತರದಲ್ಲಿ ತಿರುಗಿಸಲೇ ಬೇಡ. ಮೊದಲು ಸ್ಟಿಕ್ ಮುಂದೆ ಒತ್ತಿ ಮೂತಿ ಇಳಿಸು. ಹಗುರ ವಿಮಾನ ಮೂತಿ ಎತ್ತಿ ಏರುತ್ತಿರುವಾಗ ಎಂಜಿನ್ ಹೋದರೆ ವೇಗ ನೋಡನೋಡುತ್ತಲೇ ಬೀಳುತ್ತದೆ. ಗ್ಲೈಡ್ ವೇಗ (ಎಂಜಿನ್ ಇಲ್ಲದೆ ತೇಲಿಕೊಂಡು ಇಳಿಯುವ ವೇಗ) ಹಿಡಿದು ಎದುರಿಗೆ, ಇಲ್ಲವೇ ತುಸು ಎಡಬಲಕ್ಕೆ ಕಂಡ ಜಾಗದಲ್ಲಿ ಇಳಿ.

ವಾಪಸ್ ಬರಲು 180 ಡಿಗ್ರಿ ತಿರುಗಿದರೆ ಸಾಲದು. ರನ್‌ವೇ ಪಕ್ಕಕ್ಕೆ ಉಳಿದಿರುತ್ತದೆ, ಅದರ ನೇರಕ್ಕೆ ಬರಲು ಇನ್ನಷ್ಟು ತಿರುಗಬೇಕು. 45 ಡಿಗ್ರಿ ವಾಲಿಸಿದರೆ ಸ್ಟಾಲ್ ವೇಗ (ಇದಕ್ಕಿಂತ ಕಮ್ಮಿಯಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು) ಸುಮಾರು 19% ಏರುತ್ತದೆ. ಮೇಲಾಗಿ ಗಾಳಿ ಈಗ ಬೆನ್ನಿಗೆ. ನೆಲ ಜೋರಾಗಿ ಓಡುವುದು ಕಂಡು ವೇಗ ಬೇಕಾದಷ್ಟಿದೆ ಅನಿಸುತ್ತದೆ, ಕೈ ತಾನಾಗಿ ಸ್ಟಿಕ್ ಎಳೆಯುತ್ತದೆ. ಅಲ್ಲೇ ಸ್ಪಿನ್, ಅಂದರೆ ವಿಮಾನ ಸ್ಟಾಲ್ ಆಗಿ ಗಿರಗಿರ ಸುತ್ತುತ್ತಾ ಬೀಳುತ್ತದೆ. ಅಷ್ಟು ಕೆಳಗೆ ಸ್ಪಿನ್ ಆದರೆ ಬಿಡಿಸಿಕೊಳ್ಳಲು ಎತ್ತರವೇ ಇರುವುದಿಲ್ಲ.

ನಮ್ಮ ಬೇಸಿಗೆಯನ್ನೂ ಲೆಕ್ಕಕ್ಕೆ ತಗೋ. ನಿಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. 38 ಡಿಗ್ರಿ ಬಿಸಿಲಿದ್ದರೆ ವಿಮಾನಕ್ಕೆ ಸಿಗುವುದು 5,800 ಅಡಿ ಎತ್ತರದ ತೆಳು ಗಾಳಿ. ಏರುವುದು ನಿಧಾನ, ಕೆಳಗಿರುವ ಹೊತ್ತು ಜಾಸ್ತಿ. ಮೊದಲ ಹಾರಾಟ ಬೆಳಿಗ್ಗೆ ತಂಪಿನಲ್ಲೇ ಇರಲಿ. ಅದಕ್ಕೂ ಮುಂಚೆ ರನ್‌ವೇ ಆಚೆಗಿನ ಹೊಲಗಳನ್ನು ನಡೆದು ನೋಡು. ಮಳೆಯಾದ ಎರೆ ಹೊಲದಲ್ಲಿ ಗಾಲಿ ಹೂತು ವಿಮಾನ ಮಗುಚುತ್ತದೆ. ದ್ರಾಕ್ಷಿ ತೋಟ ಬೇಡವೇ ಬೇಡ, ಎಲ್ಲಾ ಕಂಬ, ತಂತಿ.

ಪ್ರಶ್ನೆ ಕೇಳಿದವರು:
ಸರಿ ಅಣ್ಣಾ. ಎಂಜಿನ್ ನಿಲ್ಲದ ಹಾಗೆ ಏನು ನೋಡಿಕೊಳ್ಳಲಿ?

ಉತ್ತರ (ಜಮಖಂಡಿ):
ಇಂಧನದ ಲೈನ್ ನೋಡಿ ಸರ್. ಬಾಲ ತಗ್ಗಿಸಿ, ವಿಮಾನದ ಮೂತಿಯನ್ನು ಏರುವಾಗಿನಷ್ಟೇ ಎತ್ತಿ ನಿಲ್ಲಿಸಿ. ಟ್ಯಾಂಕಿನಲ್ಲಿ ಸ್ವಲ್ಪವೇ ಪೆಟ್ರೋಲ್ ಇರಲಿ. ಕಾರ್ಬ್ಯುರೇಟರ್ ಹತ್ತಿರ ಪೈಪ್ ಬಿಚ್ಚಿ ಕ್ಯಾನಿಗೆ ಹಿಡಿದು, ಪಂಪ್ ಹಾಕಿ ಗಡಿಯಾರ ನೋಡಿ. ನಿಮ್ಮ ಎಂಜಿನ್ ಫುಲ್ ಥ್ರಾಟಲ್‌ನಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ಪಂಪ್ ಇರುವ ಲೈನಿಗೆ ಅದರ 125% ಹರಿವು ಬೇಕು, ಅಂದರೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ತುಸು ಹೆಚ್ಚು. ಅಷ್ಟು ಬರದಿದ್ದರೆ ಹಾರಬೇಡಿ.

ಇನ್ನೊಂದು, ನಮ್ಮ ಕಬ್ಬಿನ ಎಥೆನಾಲ್. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 20% ಎಥೆನಾಲ್ ಬೆರೆಸಿದ ಪೆಟ್ರೋಲ್. ರೋಟ್ಯಾಕ್ಸ್ 912ಕ್ಕೆ 10% ಎಥೆನಾಲ್ ತನಕ ಮಾತ್ರ ಒಪ್ಪಿಗೆ ಇದೆ. ಏವ್‌ಗ್ಯಾಸ್ (ವಿಮಾನದ ಪೆಟ್ರೋಲ್) ತರಿಸಿ.