ಮಳೆಗಾಲಕ್ಕೆ ಮುಂಚೆ ಮೊಬೈಲ್ ಮತ್ತು ಬ್ರಾಡ್‌ಬ್ಯಾಂಡ್ ಎರಡನ್ನೂ ಬದಲಿಸುವುದು ಸರಿಯೇ?

ಸಿದ್ದಾಪುರ ಸೀಮೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಒಂದು ಮಜರೆಯಲ್ಲಿದೆ. ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಪಕ್ಕದ ಮನೆಗೆ ಹೋಗಬೇಕೆಂದರೂ ಒಂದು ಹಳ್ಳ ದಾಟಬೇಕು. ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮತ್ತು ಅಟ್ಟದ ಕಿಟಕಿಯ ಹತ್ತಿರ ಮಾತ್ರ. ಕೆಲವು ವರ್ಷಗಳಿಂದ ಫೈಬರ್ ಸಂಪರ್ಕ ಇದೆ. ಬೇಸಿಗೆಯಲ್ಲಿ ಅದರ ಬಗ್ಗೆ ದೂರು ಹೇಳುವಂತಿಲ್ಲ, ಆದರೆ ಆರಿದ್ರಾ ಮಳೆ ಹಿಡಿದ ಮೇಲೆ ಒಮ್ಮೆ ಕೈಕೊಟ್ಟಿತೆಂದರೆ ದಿನಗಟ್ಟಲೆ ಬರುವುದಿಲ್ಲ. ದೂರು ಕೊಟ್ಟರೆ ಯಾರೂ ಬಾರದಿದ್ದರೂ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ಬರುತ್ತದೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮಗಳು ವಾರದಲ್ಲಿ ಕೆಲವು ದಿನ ಇಲ್ಲಿಂದಲೇ ಕೆಲಸ ಮಾಡುವುದರಿಂದ ಇದನ್ನು ಇನ್ನು ಸಹಿಸುವುದು ಕಷ್ಟ.

ಈಗ ಎರಡು ಆಹ್ವಾನಗಳು ಒಟ್ಟಿಗೆ ಬಂದಿವೆ. ನಮ್ಮ ಭಾಗದ ಕೇಬಲ್‌ನವರು ಇನ್ನೊಂದು ಕಂಪನಿಯ ಫೈಬರ್ ತಂದಿದ್ದು, ವರ್ಷದ ಹಣವನ್ನು ಒಮ್ಮೆಗೇ ಕಟ್ಟಿದರೆ ಜೋಡಣೆಯ ಶುಲ್ಕ ಬೇಡವೆನ್ನುತ್ತಾರೆ. ಗುಡ್ಡದಾಚೆ ಹೊಸ ಟವರ್ ಹಾಕಿರುವ ಮೊಬೈಲ್ ಕಂಪನಿಯ ಹುಡುಗರು ಸಂತೆಯಲ್ಲಿ ಕೊಡೆ ಹಾಕಿಕೊಂಡು ಕುಳಿತು, ಇರುವ ನಂಬರನ್ನೇ ತಮ್ಮ ಕಡೆಗೆ ಪೋರ್ಟ್ ಮಾಡಿಸಿ ಎನ್ನುತ್ತಾರೆ. ದರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅಮ್ಮನದು ಕೀಪ್ಯಾಡ್ ಫೋನ್. ಬ್ಯಾಂಕು, ಅಡಿಕೆ ಸೊಸೈಟಿ, ಗ್ಯಾಸ್ ಎಲ್ಲವೂ ಅದೇ ನಂಬರಿಗೆ ಜೋಡಣೆಯಾಗಿವೆ. ಎರಡನ್ನೂ ಒಟ್ಟಿಗೆ ಬದಲಿಸಬಹುದೇ, ಅದಕ್ಕೆ ಮುನ್ನ ಏನೇನು ನೋಡಿಕೊಳ್ಳಬೇಕು ಎಂಬುದನ್ನು ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಲೈನ್ ಕೆಲಸದವ:

ನಾನು ಫೈಬರ್ ಎಳೆಯುವ, ಜೋಡಿಸುವ ಕೆಲಸ ಮಾಡಿದವನಾದ್ದರಿಂದ ಬ್ರಾಡ್‌ಬ್ಯಾಂಡ್ ವಿಷಯವನ್ನಷ್ಟೇ ಹೇಳುತ್ತೇನೆ. ಹೊಸ ಕಂಪನಿಯ ವೇಗ ಎಷ್ಟು, ದರ ಎಷ್ಟು ಎಂದು ಕೇಳುವ ಮೊದಲು ಅವರ ತಂತಿ ನಿಮ್ಮ ಮನೆಗೆ ಯಾವ ದಾರಿಯಲ್ಲಿ ಬರುತ್ತದೆ ಎಂದು ನಡೆದುಕೊಂಡು ಹೋಗಿ ನೋಡಿ. ನಮ್ಮ ಕಡೆ ಹಲವೆಡೆ ಎರಡು ಕಂಪನಿಗಳ ಫೈಬರ್ ಒಂದೇ ವಿದ್ಯುತ್ ಕಂಬದ ಮೇಲೆ, ಒಂದೇ ಹಲಸಿನ ಮರದ ಕೆಳಗೆ ಹಾದು ಬರುತ್ತದೆ. ಕಡಿದುಹೋದರೆ ಜೋಡಿಸಲು ಬರುವವನೂ ಒಬ್ಬನೇ, ಏಕೆಂದರೆ ಹಳ್ಳಿಗಳಲ್ಲಿ ಕೊನೆಯ ಕೆಲವು ಕಿಲೋಮೀಟರುಗಳ ನಿರ್ವಹಣೆಯನ್ನು ಕಂಪನಿಗಳು ಆದಾಯದಲ್ಲಿ ಪಾಲು ಕೊಟ್ಟು ಸ್ಥಳೀಯ ಪಾಲುದಾರರಿಗೆ ವಹಿಸಿರುತ್ತವೆ. ಹಾಗಿದ್ದಲ್ಲಿ ಕಂಪನಿ ಬದಲಿಸಿದರೂ ಬದಲಾಗುವುದು ಬಿಲ್ಲಿನ ಮೇಲಿನ ಹೆಸರು ಮಾತ್ರ. ಕೊಂಬೆ ಬಿದ್ದ ದಿನ ಎರಡೂ ಒಟ್ಟಿಗೇ ಹೋಗುತ್ತವೆ.

ನಮ್ಮಲ್ಲಿ ಮನೆಗೆ ಬರುವ ಫೈಬರ್ ವ್ಯವಸ್ಥೆಯಲ್ಲಿ ಕಂಪನಿಯ ಕೇಂದ್ರದಿಂದ ತಂತಿಯೊಳಗೆ ಬೆಳಕು ಕಳುಹಿಸುವ ಒಎಲ್‌ಟಿ ಎಂಬ ಉಪಕರಣಕ್ಕೆ ಮತ್ತು ನಿಮ್ಮ ಮನೆಯ ಪೆಟ್ಟಿಗೆಗೆ ಮಾತ್ರ ವಿದ್ಯುತ್ ಬೇಕು; ನಡುವೆ ಬೆಳಕನ್ನು ಹಂಚುವ ಸ್ಪ್ಲಿಟರ್‌ಗೆ ಕರೆಂಟು ಬೇಡ. ಆದ್ದರಿಂದ ಸಂಪರ್ಕ ಹೋದಾಗ ಪೆಟ್ಟಿಗೆಯ ದೀಪಗಳನ್ನೊಮ್ಮೆ ನೋಡಿದರೆ ರೋಗ ಎಲ್ಲಿದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ‘ಲಾಸ್’ ಎಂದು ಬರೆದಿರುವಲ್ಲಿ ಕೆಂಪು ದೀಪ ಮಿಣುಕುತ್ತಿದ್ದರೆ ಬೆಳಕು ಮನೆಯವರೆಗೆ ಬರುತ್ತಿಲ್ಲ ಎಂದರ್ಥ: ತಂತಿ ಕಡಿದಿದೆ, ಅತಿಯಾಗಿ ಬಾಗಿದೆ, ಇಲ್ಲವೇ ಕೇಂದ್ರದಲ್ಲಿ ಉಪಕರಣ ನಿಂತಿದೆ. ‘ಪಾನ್’ ದೀಪ ಹಸಿರಾಗಿ ಸ್ಥಿರವಾಗಿದ್ದೂ ಇಂಟರ್ನೆಟ್ ಇಲ್ಲವೆಂದರೆ ತೊಂದರೆ ಕಂಪನಿಯ ಜಾಲದಲ್ಲಿ ಅಥವಾ ನಿಮ್ಮ ಖಾತೆಯಲ್ಲಿದೆ. ಕರೆಂಟು ಹೋಗಿ ಕೆಲವು ಗಂಟೆಗಳಾದ ಮೇಲೆ ಪ್ರತಿ ಸಲವೂ ಕೆಂಪು ದೀಪ ಬರುತ್ತದೆ, ಕರೆಂಟು ಬಂದೊಡನೆ ಸರಿಯಾಗುತ್ತದೆ ಎಂದಾದರೆ ಕೇಂದ್ರದ ಬ್ಯಾಟರಿ ಸತ್ತಿದೆ ಎಂದೇ ತಿಳಿಯಿರಿ. ಹೊಸಬರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ನಿಮ್ಮ ಒಎಲ್‌ಟಿ ಯಾವ ಊರಿನಲ್ಲಿದೆ, ಕರೆಂಟು ಹೋದ ಮೇಲೆ ಅದು ಎಷ್ಟು ಹೊತ್ತು ನಡೆಯುತ್ತದೆ? ಉತ್ತರ ತಡವರಿಸಿದರೆ ವರ್ಷದ ಹಣ ಕಟ್ಟಬೇಡಿ.

ಎರಡನೆಯದಾಗಿ, ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಅವರ ಬಳಿಯೇ ಇದೆಯೇ ಅಥವಾ ಶಿರಸಿಯಿಂದಲೋ ಸಾಗರದಿಂದಲೋ ಯಾರಾದರೂ ಬರಬೇಕೇ ಎಂದು ವಿಚಾರಿಸಿ. ಯಂತ್ರ ಊರಿನಲ್ಲಿದ್ದರೆ ಒಂದು ಕಡಿತವನ್ನು ಮಳೆ ಹೊಳವಾದ ಅದೇ ಮಧ್ಯಾಹ್ನ ಜೋಡಿಸಬಹುದು. ಮೂರನೆಯದು, ಜೋಡಣೆಯ ದಿನ ಪವರ್ ಮೀಟರ್ ಇಟ್ಟು ಮನೆಗೆ ಬರುವ ಬೆಳಕಿನ ಬಲದ ಅಳತೆ ತೋರಿಸಲು ಹೇಳಿ. ಮೈನಸ್ 20 ಡಿಬಿಎಂ (ಬಲ ಅಳೆಯುವ ಮಾನ; ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬಲ ಕಡಿಮೆ) ಆಸುಪಾಸಿನಲ್ಲಿದ್ದರೆ ಸಂತೋಷ. ಮೈನಸ್ 27ರ ಹತ್ತಿರವಿದ್ದರೆ ಬೇಸಿಗೆಯಲ್ಲಿ ನಡೆದರೂ ಮಳೆಗಾಲದಲ್ಲಿ ಎರಡು ಜೋಡಣೆ ಹೆಚ್ಚಾಗುವಷ್ಟರಲ್ಲಿ ನಿಲ್ಲುತ್ತದೆ. ಮನೆಯ ಪೆಟ್ಟಿಗೆಗೆ 12 ವೋಲ್ಟಿನ ಸಣ್ಣ ಯುಪಿಎಸ್ ಒಂದನ್ನು ಈಗಲೇ ಹಾಕಿಸಿ. ನೀವು ಯಾವ ಕಂಪನಿಯಲ್ಲೇ ಇದ್ದರೂ ಅದು ಬೇಕೇ ಬೇಕು.

ಸಿಗ್ನಲ್ ಹುಡುಕುವವ:

ಮೊಬೈಲ್ ಬಗ್ಗೆ ನಾಲ್ಕು ಮಾತು. ನಂಬರನ್ನು ಮೊದಲೇ ಪೋರ್ಟ್ ಮಾಡಿಸಿ ಆಮೇಲೆ ಸಿಗ್ನಲ್ ನೋಡುವುದು ತಲೆಕೆಳಗಾದ ಕ್ರಮ, ಏಕೆಂದರೆ ಒಮ್ಮೆ ಹೋದರೆ 90 ದಿನಗಳವರೆಗೆ ಬೇರೆಡೆಗೆ ಪೋರ್ಟ್ ಮಾಡಲು ಬರುವುದಿಲ್ಲ. ಆ ಕಂಪನಿಯ ಹೊಸ ಸಿಮ್ ಒಂದನ್ನು ಕಡಿಮೆ ದರದ ರೀಚಾರ್ಜಿನೊಂದಿಗೆ ಕೊಂಡು ಮಗಳ ಫೋನಿನ ಎರಡನೆಯ ಕಿಂಡಿಗೆ ಹಾಕಿ ಕೆಲವು ವಾರ ಬಳಸಿ. ಫೋನಿನ ಪರದೆಯಲ್ಲಿ ಕಾಣುವ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ತಯಾರಕರು ಒಂದೊಂದು ಲೆಕ್ಕದಲ್ಲಿ ಕಡ್ಡಿ ತೋರಿಸುತ್ತಾರೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನ ಸಿಮ್ ಸ್ಥಿತಿಯ ಪುಟದಲ್ಲಿ ಸಿಗ್ನಲ್ ಬಲ ಡಿಬಿಎಂ ಲೆಕ್ಕದಲ್ಲಿ ಸಿಗುತ್ತದೆ. 4ಜಿಯಲ್ಲಿ ಮೈನಸ್ 90ರ ಒಳಗಿದ್ದರೆ ಚೆನ್ನಾಗಿದೆ, ಮೈನಸ್ 110 ದಾಟಿದರೆ ಮಾತು ತುಂಡಾಗತೊಡಗುತ್ತದೆ. ಅಡುಗೆಮನೆ, ಜಗಲಿ, ಮಗಳು ಕೂರುವ ಕೋಣೆ, ಕೊಟ್ಟಿಗೆ ಹೀಗೆ ನಿಮಗೆ ಫೋನ್ ಬೇಕಾಗುವ ಜಾಗಗಳಲ್ಲಿ ಬರೆದಿಟ್ಟುಕೊಳ್ಳಿ. ಕಂಪನಿಗಳು ತಮ್ಮ ಜಾಲತಾಣಗಳಲ್ಲಿ ವ್ಯಾಪ್ತಿಯ ನಕ್ಷೆ ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ನಿಯಮ ಮಾಡಿದೆ ನಿಜ, ಆದರೆ ನಕ್ಷೆಯ ಬಣ್ಣ ನಿಮ್ಮ ಹಂಚಿನ ಮನೆಯ ಒಳಗಿನ ಸ್ಥಿತಿಯನ್ನು ಹೇಳುವುದಿಲ್ಲ.

ಟವರ್ ಗುಡ್ಡದಾಚೆ ಇದೆ ಎಂದಿದ್ದೀರಿ. ಹಾಗಾದರೆ ಅದು ಯಾವ ತರಂಗಾಂತರದಲ್ಲಿ ಕೆಲಸ ಮಾಡುತ್ತದೆ ಎಂಬುದು ಮುಖ್ಯ. 700, 850, 900 ಮೆಗಾಹರ್ಟ್ಸ್ ತರಂಗಗಳು ದೂರ ಹೋಗುತ್ತವೆ, ಮರಗಿಡಗಳನ್ನು ಮತ್ತು ಗೋಡೆಗಳನ್ನು ಒಂದಿಷ್ಟು ದಾಟುತ್ತವೆ; 2300, 2500 ಮೆಗಾಹರ್ಟ್ಸ್‌ನವು ವೇಗ ಕೊಟ್ಟರೂ ಬೆಟ್ಟದ ಮರೆಗೆ ಬಂದೊಡನೆ ಸೋಲುತ್ತವೆ. ಫೋನೂ ಆ ತರಂಗಾಂತರವನ್ನು ಬೆಂಬಲಿಸಬೇಕು. ಉದಾಹರಣೆಗೆ, ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ದೇಶಕ್ಕೆ ಸಮರ್ಪಣೆಯಾಯಿತು. ಅದು 700 ಮೆಗಾಹರ್ಟ್ಸ್ ಅನ್ನೂ ಬಳಸುವುದರಿಂದ, ಆ ತರಂಗಾಂತರದ 28ನೆಯ ಬ್ಯಾಂಡ್ ಇಲ್ಲದ ಹಳೆಯ ಫೋನಿನಲ್ಲಿ ಟವರ್ ಪಕ್ಕದಲ್ಲಿದ್ದರೂ ಅದರ ಪೂರ್ತಿ ಲಾಭ ಸಿಗುವುದಿಲ್ಲ.

ಅಮ್ಮನ ಕೀಪ್ಯಾಡ್ ಫೋನ್ 2ಜಿಯದಾದರೆ ಜಿಯೋಗೆ ಹೋಗುವ ಯೋಚನೆಯನ್ನೇ ಬಿಡಿ, ಅವರಲ್ಲಿ 2ಜಿ ಜಾಲವಿಲ್ಲ. 4ಜಿಯ ಕೀಪ್ಯಾಡ್ ಫೋನನ್ನೂ ಕೊಳ್ಳಬೇಕಾಗುತ್ತದೆ. ಮಗಳ ಫೋನಿನಲ್ಲಿ ವೈಫೈ ಕಾಲಿಂಗ್ (ಮಾಮೂಲಿ ಕರೆಯನ್ನೇ ಮನೆಯ ವೈಫೈ ಮೂಲಕ ಮಾಡುವ) ಸೌಲಭ್ಯವಿದ್ದು, ಈಗಿನ ಮೊಬೈಲ್ ಕಂಪನಿಯೂ ಅದನ್ನು ಕೊಡುತ್ತಿದ್ದರೆ, ಫೈಬರ್ ಇರುವವರೆಗೆ ಮನೆಯೊಳಗೆ ಸಿಗ್ನಲ್ಲಿನ ಚಿಂತೆಯೇ ಇಲ್ಲ. ಅದನ್ನು ಮೊದಲು ಚಾಲೂ ಮಾಡಿ ನೋಡಿದರೆ ಪೋರ್ಟ್ ಮಾಡುವ ಅಗತ್ಯವೇ ಬೀಳದಿರಬಹುದು.

ಹೊಸನಗರ ಮೇಷ್ಟ್ರು:

ಮೇಲಿನ ಇಬ್ಬರೂ ಉಪಯುಕ್ತವಾದದ್ದನ್ನೇ ಬರೆದಿದ್ದಾರೆ. ಆದರೂ ಲೈನ್ ಕೆಲಸದವರ ಒಂದು ಮಾತಿಗೆ ನನ್ನ ತಕರಾರಿದೆ. ಎರಡೂ ಕಂಪನಿಗೆ ಕೆಲಸ ಮಾಡುವವನು ಒಬ್ಬನೇ ಆಗಿದ್ದರೆ ಬದಲಿಸುವುದು ವ್ಯರ್ಥವೆಂದು ನನಗೆ ಅನ್ನಿಸುವುದಿಲ್ಲ. ಹಳೆಯ ಕಂಪನಿಯಿಂದ ಅವನಿಗೆ ಬರಬೇಕಾದ ಪಾಲು ತಿಂಗಳುಗಟ್ಟಲೆ ಬಾಕಿಯಿದ್ದು ಹೊಸಬರು ಸಕಾಲಕ್ಕೆ ಕೊಡುತ್ತಿದ್ದರೆ, ಅವನು ಮಳೆಯಲ್ಲಿ ಏಣಿ ಹೊತ್ತು ಮೊದಲು ಯಾರ ಮನೆಗೆ ಹೋಗುತ್ತಾನೆ? ನಮ್ಮ ಊರಿನಲ್ಲಿ ಇದು ಹೀಗೆಯೇ ನಡೆದಿದೆ. ಆದ್ದರಿಂದ ಕಂಬ ನೋಡಿ ಬಂದ ಮೇಲೆ ಆ ಮನುಷ್ಯನೊಡನೆಯೂ ಒಂದು ಲೋಟ ಚಹಾ ಕುಡಿದು ಮಾತಾಡಿ.

ಅಮ್ಮನ ನಂಬರಿನ ವಿಷಯದಲ್ಲಿ ಅವಸರ ಬೇಡ. ಅದು ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಹಳ್ಳಿಗಳಲ್ಲಿ ಅಮ್ಮನ ಸಿಮ್ ತೀರಿಕೊಂಡ ತಂದೆಯ ಹೆಸರಿನಲ್ಲೋ, ದೂರದ ಊರಿನ ಮಗನ ಹೆಸರಿನಲ್ಲೋ ಇರುವುದು ಸಾಮಾನ್ಯ. ಪೋರ್ಟ್ ಮಾಡುವಾಗ ನೋಂದಾಯಿತ ವ್ಯಕ್ತಿಯೇ ದಾಖಲೆ ಕೊಡಬೇಕು, ಮತ್ತು ಹೆಸರು ಬದಲಾವಣೆಯ ಅರ್ಜಿ ಬಾಕಿಯಿರುವಾಗ ಪೋರ್ಟ್ ಆಗುವುದಿಲ್ಲ. ಹೆಸರು ಸರಿಯಿದ್ದರೆ ವಿಧಾನ ಸುಲಭ: ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ಹತ್ತಂಕಿಯ ನಂಬರ್ ಸೇರಿಸಿ 1900ಕ್ಕೆ ಸಂದೇಶ ಕಳುಹಿಸಿದರೆ ಪೋರ್ಟ್ ಮಾಡಲು ಹೊಸ ಕಂಪನಿಗೆ ಕೊಡಬೇಕಾದ, ಎಂಟು ಅಕ್ಷರಗಳ ಯುಪಿಸಿ ಸಂಕೇತ ಬರುತ್ತದೆ. ಕರ್ನಾಟಕದಲ್ಲಿ ಅದಕ್ಕೆ 4 ದಿನಗಳ ಆಯುಷ್ಯ. 2019ರ ಡಿಸೆಂಬರ್ 16ರಿಂದ ಜಾರಿಯಲ್ಲಿರುವ ಪದ್ಧತಿಯಂತೆ ಒಂದೇ ದೂರಸಂಪರ್ಕ ವಲಯದೊಳಗಿನ (ನಮಗೆ ಕರ್ನಾಟಕ) ಬದಲಾವಣೆ 3 ಕೆಲಸದ ದಿನಗಳಲ್ಲಿ ಮುಗಿಯುತ್ತದೆ. ಸಿಮ್ ಬದಲಿಸಿದ್ದರೆ ಮುಂದಿನ 7 ದಿನ ಸಂಕೇತ ಸಿಗುವುದಿಲ್ಲ. ಈ ನಿಯಮ ಬಂದದ್ದು 2024ರ ಜುಲೈ 1ರಿಂದ. ಹಳೆಯ ಸಿಮ್‌ನಲ್ಲಿ ಉಳಿದ ಹಣ ಮತ್ತು ಪ್ಯಾಕ್ ಹೊಸ ಕಂಪನಿಗೆ ಬರುವುದಿಲ್ಲವಾದ್ದರಿಂದ ಅವಧಿ ಮುಗಿಯುವ ಹೊತ್ತಿಗೆ ಮಾಡಿಸಿ. ನಂಬರ್ ಬದಲಾಗದ ಕಾರಣ ಬ್ಯಾಂಕಿನ ಜೋಡಣೆಗೆ ಧಕ್ಕೆಯಿಲ್ಲ, ಆದರೆ ಬದಲಾವಣೆಯ ನಡುವೆ ಕೆಲವು ಗಂಟೆ ಎರಡೂ ಸಿಮ್ ನಡೆಯದಿರಬಹುದು, ಹಣ ಪಡೆಯುವ ದಿನ ಮಾತ್ರ ಬೇಡ.

ಅಮ್ಮನಿಗೆ ಡೇಟಾ ಬೇಡವಾದ್ದರಿಂದ ಇನ್ನೊಂದು ದಾರಿಯಿದೆ. ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕುಗಳನ್ನು ಕಡ್ಡಾಯವಾಗಿ ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಆದೇಶಿಸಿದೆ, ಅವುಗಳ ಅವಧಿ 365 ದಿನಗಳವರೆಗೂ ಇರಬಹುದು. ಕಂಪನಿಗಳು ಇವನ್ನು ಆ್ಯಪ್‌ನ ಮೂಲೆಯಲ್ಲಿ ಅಡಗಿಸಿಡುತ್ತವೆ, ಅಂಗಡಿಯವರೂ ತಾವಾಗಿ ಹೇಳುವುದಿಲ್ಲ, ಕೇಳಿ ಪಡೆಯಬೇಕು.

ಪರಿಹರಿಸದೆ ಮುಚ್ಚಿದ ದೂರಿಗೆ ಮೇಲ್ಮನವಿ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ದೂರಿನ ಡಾಕೆಟ್ ಸಂಖ್ಯೆಯನ್ನು ಇಟ್ಟುಕೊಂಡು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆದರೆ 39 ದಿನಗಳೊಳಗೆ ಅವರು ನಿರ್ಣಯ ಕೊಡಬೇಕು. ಟ್ರಾಯ್‌ಗೆ ನೇರವಾಗಿ ಬರೆದು ಪ್ರಯೋಜನವಿಲ್ಲ, ಅದು ಬಿಡಿ ದೂರುಗಳನ್ನು ವಿಚಾರಿಸುವುದಿಲ್ಲ.

ಸಿದ್ದಾಪುರ ಸೀಮೆ:

ಎಲ್ಲರಿಗೂ ಧನ್ಯವಾದಗಳು. ಹೇಳಿದಂತೆ ದಾರಿ ನೋಡಿ ಬಂದೆ. ಊರ ಮೋರಿಯವರೆಗೆ ಎರಡು ಕಂಪನಿಗಳ ತಂತಿಯೂ ಒಂದೇ ಕಂಬಗಳ ಮೇಲಿದೆ. ಅಲ್ಲಿಂದ ಮುಂದೆ ಹಳೆಯದು ಬೆಟ್ಟದ ಒಳಗೆ ಮರದಿಂದ ಮರಕ್ಕೆ ಬಂದರೆ, ಹೊಸಬರು ರಸ್ತೆಯ ಬದಿಯಲ್ಲೇ ತರುತ್ತೇವೆ ಎನ್ನುತ್ತಾರೆ. ಪ್ರತಿ ವರ್ಷ ಕಡಿಯುತ್ತಿದ್ದದ್ದು ಆ ಬೆಟ್ಟದೊಳಗಿನ ಭಾಗವೇ ಎಂದು ಜೋಡಿಸಲು ಬರುವ ಹುಡುಗನೂ ಒಪ್ಪಿದ. ಹೀಗಾಗಿ ಹೊಸ ಫೈಬರನ್ನು ತಿಂಗಳ ಲೆಕ್ಕದಲ್ಲಿ, ಜೋಡಣೆಯ ಶುಲ್ಕ ಕೊಟ್ಟೇ ತೆಗೆದುಕೊಂಡು, ಹಳೆಯದನ್ನು ಅತಿ ಕಡಿಮೆಯ ಪ್ಲಾನಿಗೆ ಇಳಿಸಿ ಆಶ್ಲೇಷಾ ಮಳೆ ಮುಗಿಯುವವರೆಗೆ ಇಟ್ಟುಕೊಳ್ಳುತ್ತೇವೆ. ಅಮ್ಮನ ನಂಬರ್ ಇರುವಲ್ಲೇ ಇರಲಿ. ಮಗಳು ಆ ಹೊಸ ಟವರಿನ ಸಿಮ್ ಪರೀಕ್ಷಿಸುತ್ತಿದ್ದಾಳೆ, ಅಟ್ಟದಲ್ಲಿ ಚೆನ್ನಾಗಿದೆ, ಕೆಳಗೆ ಈಗಿನದಕ್ಕಿಂತ ಹೆಚ್ಚೇನಿಲ್ಲ. ಒಂದು ಸಂಶಯ ಉಳಿದಿದೆ: ಹಳೆಯ ಫೈಬರಿನ ಜೊತೆ ಒಂದು ಸ್ಥಿರ ದೂರವಾಣಿ ಸಂಖ್ಯೆ ಇದೆ, ನೆಂಟರಿಷ್ಟರಲ್ಲಿ ಹಲವರಿಗೆ ಗೊತ್ತಿರುವುದು ಅದೇ. ಅದನ್ನೂ ಹೊಸ ಕಂಪನಿಗೆ ಒಯ್ಯಬಹುದೇ?

ಲೈನ್ ಕೆಲಸದವ:

ಆಗುವುದಿಲ್ಲ. ಪೋರ್ಟ್ ಸೌಲಭ್ಯ ಮೊಬೈಲ್ ನಂಬರಿಗೆ ಮಾತ್ರ, ಸ್ಥಿರ ದೂರವಾಣಿಗೆ ನಮ್ಮ ದೇಶದಲ್ಲಿ ಅದು ಬಂದಿಲ್ಲ. ಹಳೆಯದನ್ನು ಉಳಿಸಿಕೊಂಡಿರುವ ಈ ತಿಂಗಳುಗಳಲ್ಲಿ ಆ ಸಂಖ್ಯೆಗೆ ಕರೆ ಮಾಡುವವರಿಗೆಲ್ಲ ಮೊಬೈಲ್ ನಂಬರ್ ತಿಳಿಸುತ್ತ ಬನ್ನಿ. ಕೊನೆಗೆ ಬಿಡುವಾಗ ಬಿಲ್ ಕಟ್ಟುವುದನ್ನು ಸುಮ್ಮನೆ ನಿಲ್ಲಿಸಬೇಡಿ; ಅರ್ಜಿ ಕೊಟ್ಟು ಸಂಪರ್ಕ ಮುಚ್ಚಿಸಿ, ಪೆಟ್ಟಿಗೆ ಕಂಪನಿಯದಾಗಿದ್ದರೆ ಅದರ ಸೀರಿಯಲ್ ಸಂಖ್ಯೆ ಬರೆಸಿ ವಾಪಸು ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳಿ. ಠೇವಣಿ ಇದ್ದರೆ ಅದನ್ನು ಕೇಳುವಾಗ ಆ ರಸೀದಿಯೇ ಬೇಕಾಗುತ್ತದೆ.